ಚುಕ್ಕೆ ಇಲ್ಲದ ಚಿಂಕಾರಾ

"ಜಿಂಕಿ ಅಂದಮ್ಯಾಲ ಚುಕ್ಕಿ ಬ್ಯಾಡೇನ್ರಿ ಅಕ್ಕಾರ? ಇದು ಆಡಿನಂಗ ಐತಿ," ಎಂದು ಚಿತ್ರಸ್ಪರ್ಧೆಯ ತೀರ್ಪುಗಾರ ಮುರಗೆಪ್ಪ ಮಾಸ್ತರರು ಮಗಳ ಚಿತ್ರ ನೋಡಿ ನಕ್ಕಾಗ ಅನುಸೂಯಾಳ ಮೈ ಉರಿಯಿತು.

ಬನಹಟ್ಟಿಯಲ್ಲಿ ಮಗ್ಗ ನಡೆಸುವ ಆಕೆಗೆ ರವಿವಾರವೊಂದೇ ಬಿಡುವು. ಅದನ್ನೂ ಬಿಟ್ಟುಕೊಟ್ಟು, ನಸುಕಿನಲ್ಲೇ ಮಗಳು ಶೀತಲಳೊಂದಿಗೆ ಟೆಂಪೊ ಹತ್ತಿ ಬೀಳಗಿ ಕಡೆಯ ಚಿಂಕಾರಾ ಜಿಂಕೆಗಳ ಕಾಡಿಗೆ ಬಂದಿದ್ದಳು. ಅಲ್ಲಿ ಮೊದಲು ಮಕ್ಕಳಿಗೂ ಹೆತ್ತವರಿಗೂ ಸೈಕಲ್ ಸವಾರಿ, ಆಮೇಲೆ ಮಕ್ಕಳಿಗೆ ‘ಕಂಡದ್ದನ್ನು ಬಿಡಿಸಿ’ ಎಂಬ ಸ್ಪರ್ಧೆ.

ಸೈಕಲ್ಲುಗಳೆಲ್ಲ ಗಂಟೆ ಬಾರಿಸುತ್ತ ಮಣ್ಣುದಾರಿಯಲ್ಲಿ ಮುಂದೆ ಹೋಗಿಬಿಟ್ಟವು. ಚೈನು ಕಳಚಿ ಇವರಿಬ್ಬರೇ ಹಿಂದುಳಿದರು. ಅದೇ ಒಳ್ಳೆಯದಾಯಿತು. ಅನುಸೂಯಾ ಚೈನು ಕೂರಿಸುತ್ತಿದ್ದಾಗ ಶೀತಲ ಅವ್ವನ ಹೆಗಲು ಹಿಸುಕಿದಳು. ಮೂವತ್ತು ಹೆಜ್ಜೆ ಆಚೆ, ಜಾಲಿಯ ಬುಡದಲ್ಲಿ, ತೆಳ್ಳನೆಯ ಕಂದು ಜೀವ. ಎಡಗಿವಿಯ ತುದಿ ಹರಿದಿತ್ತು. ಕಪ್ಪು ಬಾಲ ಟಪಟಪ ಅಲ್ಲಾಡಿತು. ಮೈಮೇಲೆ ಒಂದು ಚುಕ್ಕೆಯೂ ಇಲ್ಲ. ರೆಪ್ಪೆ ಬಡಿಯುವುದರೊಳಗೆ ಮಾಯ.

ಶೀತಲ ಅದನ್ನೇ ಬಿಡಿಸಿದ್ದಳು, ಹರಿದ ಕಿವಿ ಸಮೇತ. ಉಳಿದ ಮಕ್ಕಳು ಶಾಮಿಯಾನಾದ ಬ್ಯಾನರಿನಲ್ಲಿದ್ದ ಚುಕ್ಕೆ ಜಿಂಕೆಯನ್ನು ನೋಡಿ ತೀಡಿದ್ದರು.

ಮಾಸ್ತರರು ಶೀತಲಳ ಕೈಗೆ ಬಿಳಿ ಬಣ್ಣದ ಕಡ್ಡಿ ಕೊಟ್ಟರು. "ಕೈ ಛಲೋ ಐತಿ ನಿಂದು. ನಾಕು ಚುಕ್ಕಿ ಇಡು, ಪಹಿಲಾ ನಂಬರ ನಿನಗ. ಹೊಸಾ ಸೈಕಲ್ ನೋಡಲ್ಲಿ!"

"ಸರ, ನಾ ಖರೇನ ನೋಡೇನ್ರಿ. ಚುಕ್ಕಿ ಇರಲಿಲ್ರಿ."

"ನಿಮ್ಮವ್ವನ ಸೆರಗರೆ ನೋಡು!"

ಎಲ್ಲರೂ ಗೊಳ್ಳೆಂದರು. ಅನುಸೂಯಾ ತಲೆ ತಗ್ಗಿಸಿ ನೋಡಿಕೊಂಡಳು. ತಾನೇ ನೇಯ್ದ ಸೀರೆ. ಸೆರಗಿನ ತುಂಬ ಜಿಂಕೆಗಳು, ಒಂದೊಂದರ ಮೈಮೇಲೂ ಐದೈದು ಚುಕ್ಕೆ. ಶೀತಲ ಸೆರಗನ್ನು ನೋಡಿದಳು, ಸೈಕಲ್ಲನ್ನು ನೋಡಿದಳು, ಕಡ್ಡಿಯನ್ನು ಕಾಗದದ ಹತ್ತಿರ ಒಯ್ದಳು.

"ಇಡಬ್ಯಾಡ ಬೇ!" ಅನುಸೂಯಾ ಎದ್ದೇ ನಿಂತಳು. "ಸರ, ಹನ್ನೆರಡ ವರ್ಷದಿಂದ ಈ ಜಿಂಕಿ ನೇಯಾಕತ್ತೇನಿ. ಸೀರಿ ನಕ್ಷೆ ಕೊಟ್ಟಾಂವ ಚಿಂಕಾರಾ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಈಕಿ ನೋಡ್ಯಾಳ. ನೋಡಿದಾಕಿ ಕೈಲೆ ಸುಳ್ಳ ಯಾಕ ಬರಸ್ತೀರಿ? ನಮ್ಮಲ್ಲಿ ಒಂದ ಎಳಿ ತಪ್ಪಿದ್ರ ಸೀರಿ ವಾಪಸ್ ಒಗೀತಾರ. ನೀವು ತಪ್ಪಿದ್ದಕ್ಕ ಸೈಕಲ್ ಕೊಡ್ತೀರಲ್ಲ!"

"ಇದು ಕಲಾ, ಅಕ್ಕಾರ. ನಿಮಗ ತಿಳಿಯಂಗಿಲ್ಲ."

"ಮಗ್ಗದ ಮ್ಯಾಲ ನಾ ಮಾಡೋದು ಮತ್ತೇನ್ರಿ, ಕಸಾ?"

ನೀರು ಹಂಚುತ್ತಿದ್ದ ಕಾಡಿನ ಕಾವಲುಗಾರ ಹುಲೆಪ್ಪ ಬಗ್ಗಿ ಚಿತ್ರ ನೋಡಿದ. "ಅಯ್ಯ! ನಮ್ಮ ಹರಕಿವಿ! ತಂತಿಗೆ ಸಿಕ್ಕು ಕಿವಿ ಹರಕೊಂಡಿತ್ತು. ಇಪ್ಪತ್ತ ವರ್ಷಾತು, ಇಲ್ಲಿ ಚುಕ್ಕಿದೊಂದೂ ನಾ ಕಂಡಿಲ್ರಿ ಸರ."

ಮಾಸ್ತರರು ಕೈಗಡಿಯಾರ ನೋಡಿಕೊಂಡರು. ಶೀತಲ ಕಡ್ಡಿ ಕೆಳಗಿಟ್ಟಳು. ಸೈಕಲ್ಲು ಚುಕ್ಕೆ ಇಟ್ಟವರ ಪಾಲಾಯಿತು.

ಕಡೆಗೆ ಮಾಸ್ತರರು ಶಾಲೆಯ ಗೋಡೆಗೆ ಹಚ್ಚುವುದಕ್ಕೆಂದು ಎಲ್ಲ ಚಿತ್ರಗಳನ್ನೂ ಕೇಳಿದರು. ಶೀತಲ ತುಂಬಿದ ಕಣ್ಣಿನಿಂದ ಅವ್ವನನ್ನು ನೋಡಿದಳು.

"ನಿನ್ನ ಜಿಂಕಿ. ಎಲ್ಲಿ ಹಚ್ಚಬೇಕ ನೀನ ಹೇಳು."

ಶೀತಲ ನೆಟ್ಟಗೆ ಹುಲೆಪ್ಪನ ಹತ್ತಿರ ಹೋದಳು. "ಕಾಕಾ, ನಿಮ್ಮ ಗುಡಿಸಲದಾಗ ಹಚ್ರಿ."

ಟೆಂಪೊದಲ್ಲಿ ಅನುಸೂಯಾ ಸೆರಗನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು.

"ಸಿಟ್ಟ ಇಳೀತೇನಬೇ ಅವ್ವಾ?"

"ಎಲ್ಲಿಂದ ಇಳೀತದ? ನಾಳೆ ಆ ನಕ್ಷೆಯಾಂವನ ಮನಿಗೆ ಹೋಗೂದೈತಿ."