ಪೊರಕೆ ಬಿಡದ ಯಜಮಾನರು

ತಮ್ಮದೇ ಅಂಗಡಿಯ ಬಾಗಿಲು ತಟ್ಟಿ, ಒಳಗಿನಿಂದ ಯಾರಾದರೂ ‘ಹೂಂ’ ಎಂದ ಮೇಲೆಯೇ ಹೊಸ್ತಿಲು ದಾಟುವ ಮಾಲೀಕರನ್ನು ನೀವು ಕಂಡಿದ್ದೀರೋ ಇಲ್ಲವೋ. ಪಿಯಾನೋ ದುರಸ್ತಿಯ ಈ ಯಜಮಾನರು ಅಂಥವರು. ಅನುಮತಿಯಿಲ್ಲದೆ ಹೆಜ್ಜೆಯಿಡುವುದು ಅವರ ಪ್ರಕೃತಿಗೇ ಒಗ್ಗದು. ರಸ್ತೆಯಲ್ಲಿ ನರಪಿಳ್ಳೆಯಿಲ್ಲದಿದ್ದರೂ ಹಸಿರು ದೀಪಕ್ಕಾಗಿ ಕೈಕಟ್ಟಿ ನಿಲ್ಲುವರು. ಮೊಣಕೈ ಸವೆದ ಕಂದು ಕೋಟಿನ ಎಡಜೇಬಿನಲ್ಲಿ ಶ್ರುತಿ ಕೂಡಿಸುವ ಕೀಲಿ. ಬಲಜೇಬಿನಲ್ಲಿ ಹೊರದೇಶದ ಕುಶಲಕರ್ಮಿಗಳನ್ನು ನೇಮಿಸಿಕೊಳ್ಳುವ ಮಾಲೀಕರಿಗೆಂದು ಸರ್ಕಾರ ಅಚ್ಚು ಹಾಕಿಸಿದ ದಪ್ಪ ನಿಯಮಾವಳಿ. ಆ ಭಾರಕ್ಕೆ ಅವರ ನಡಿಗೆಯೇ ತುಸು ಬಲಕ್ಕೆ ವಾಲಿಬಿಟ್ಟಿತ್ತು.

ಆ ಪುಸ್ತಕ ಹೊತ್ತದ್ದು ಅಂಗಡಿಯ ಮೇಸ್ತ್ರಿಗಾಗಿ. ಬಿರುಕುಬಿಟ್ಟ ಹಳೆಯ ಪಿಯಾನೋಗಳಿಗೆ ನಾದದ ಹಲಗೆ ಕೂಡಿಸಬಲ್ಲವರು ಊರಲ್ಲಿ ಉಳಿದಿರಲಿಲ್ಲ. ಆದರೂ ನಿಯಮ ನಿಯಮವೇ. ಮೊದಲು ಸ್ಥಳೀಯರಿಗೆಂದು ಜಾಹೀರಾತು ಕೊಟ್ಟರು. ಬಂದ ಒಬ್ಬನೇ ಒಬ್ಬ ಅಭ್ಯರ್ಥಿ ಪಿಯಾನೋದ ಸುತ್ತ ಪ್ರದಕ್ಷಿಣೆ ಹಾಕಿ, “ಇದನ್ನ ಯಾವ ಕಡೆಯಿಂದ ಬಿಚ್ಚೋದು ಸಾರ್?” ಎಂದು ಕೇಳಿ, ಚಹಾ ಕುಡಿದು ಹೊರಟುಹೋದ. ಆಮೇಲೆಯೇ ಯಜಮಾನರು ಪರವಾನಗಿ ಪಡೆದು ಕಡಲಾಚೆಯಿಂದ ಮೇಸ್ತ್ರಿಯನ್ನು ಕರೆಸಿಕೊಂಡದ್ದು.

ಮೊದಲ ದಿನವೇ ಮೇಸ್ತ್ರಿ ತಾನು ಕೆತ್ತಿ ಉದುರಿಸಿದ ಮರದ ಹೊಟ್ಟನ್ನು ಗುಡಿಸಲು ಹೋದರೆ, ಯಜಮಾನರು ಹೌಹಾರಿ ಪೊರಕೆ ಕಸಿದುಕೊಂಡರು.

“ಮುಟ್ಟಬೇಡಿ ಮೇಸ್ತ್ರಿ. ನಿಮ್ಮ ವೀಸಾದಲ್ಲಿ ಪೊರಕೆ ಇಲ್ಲ.”

ಸುಮ್ಮನೆ ಹೆದರಿದ್ದಲ್ಲ ಪಾಪ. ಪಕ್ಕದ ಬೀದಿಯ ಪೀಠೋಪಕರಣದಂಗಡಿಯವನು ಕೆತ್ತನೆಗೆಂದು ಕರೆಸಿಕೊಂಡವನನ್ನು ತಿಂಗಳುಗಟ್ಟಲೆ ವ್ಯಾನ್ ಓಡಿಸಲು ಹಚ್ಚಿ, ಪರವಾನಗಿ ಕಳೆದುಕೊಂಡಿದ್ದ. ಏನೂ ತಪ್ಪು ಮಾಡದ ಕೆತ್ತನೆಗಾರ ಗಂಟುಮೂಟೆ ಕಟ್ಟಿಕೊಂಡು ಹೋಗುವುದನ್ನು ಯಜಮಾನರು ಕಣ್ಣಾರೆ ಕಂಡಿದ್ದರು. ಹೀಗಾಗಿ ಗುಡಿಸುವುದು, ಒರೆಸುವುದು, ಪೆಟ್ಟಿಗೆ ಹೊರುವುದು, ಕಡೆಗೆ ಮೇಸ್ತ್ರಿಗೆ ಚಹಾ ಕಾಸುವುದೂ ಅವರ ಪಾಲಿಗೇ ಬಂತು. ಮಹಡಿಯ ಮನೆಯಿಂದ ಇಣುಕಿದ ಹೆಂಡತಿ, “ಏನ್ರೀ, ಪೊರಕೆ ನಿಮ್ಮ ಸೊಂಟಕ್ಕೆ ಮಾತ್ರ ಬರೆದಿದೆಯಾ?” ಎಂದು ಛೇಡಿಸಿದರೆ, ಸೊಂಟ ಹಿಡಿದುಕೊಂಡೇ ನಗುತ್ತಿದ್ದರು.

ಈ ನಡುವೆ ಪರವಾನಗಿಯ ನವೀಕರಣದ ಗಡುವು ಬಂತು. ಅದು ಮಂಜೂರಾದರೆ ಮೇಸ್ತ್ರಿ ಉಳಿಯುವನು, ಅವನ ಹೆಂಡತಿಯೂ ಮಗಳೂ ಬಂದು ಕೂಡಿಕೊಳ್ಳುವರು. ತಪ್ಪಿದರೆ ಅವನೇ ಹೊರಡಬೇಕು. ಅಪ್ಪನ ಫೋನಿನಲ್ಲಿ ಆ ಹುಡುಗಿ ಯಜಮಾನರನ್ನು, “ತಾತ, ನಾನು ಯಾವಾಗ ಬರ್ಲಿ?” ಎಂದು ಕೇಳಿದಾಗಲೆಲ್ಲ ಅವರು ನಿಯಮಾವಳಿಯನ್ನು ಮತ್ತೆ ಮೊದಲಿನಿಂದ ಓದಲು ಕೂರುತ್ತಿದ್ದರು.

ತನಿಖೆಗೆ ಅಧಿಕಾರಿಣಿ ಮುನ್ಸೂಚನೆಯಿಲ್ಲದೆ ಬಂದಳು. ಮೇಸ್ತ್ರಿ ಇಸ್ತ್ರಿಯ ಅಂಗಿ ತೊಟ್ಟು, ಎದುರಿಗೆ ಹಬೆಯಾಡುವ ಚಹಾ ಇಟ್ಟುಕೊಂಡು, ತಂತಿಯೊಂದಕ್ಕೆ ಕಿವಿಗೊಟ್ಟು ಗಂಭೀರವಾಗಿ ಕುಳಿತಿದ್ದ. ಅವನ ಕಾಲ ಬಳಿ ತಲೆತುಂಬ ಹೊಟ್ಟು ಮೆತ್ತಿಕೊಂಡ ಮುದುಕರೊಬ್ಬರು ಬೆನ್ನು ಬಾಗಿಸಿ ಗುಡಿಸುತ್ತಿದ್ದರು. ಆಕೆ ಮೇಸ್ತ್ರಿಗೆ ಕೈಮುಗಿದು, “ಮಾಲೀಕರು ನೀವೇ ಅಲ್ವಾ?” ಎಂದವಳೇ, ಅವನು ಬಾಯಿ ತೆರೆಯುವ ಮುನ್ನವೇ ಮುದುಕರತ್ತ ತಿರುಗಿದಳು.

“ನೀವು ಇಲ್ಲಿ ಕೆಲಸ ಮಾಡೋದಕ್ಕೆ ಅನುಮತಿ ಪತ್ರ ಎಲ್ಲಿ?”

ಇನ್ನೊಬ್ಬರಾಗಿದ್ದರೆ ನಕ್ಕುಬಿಡುತ್ತಿದ್ದರು. ಈ ಪುಣ್ಯಾತ್ಮರು ಪೊರಕೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡರು. ಕೋಟಿನ ಜೇಬುಗಳನ್ನೆಲ್ಲ ತಡಕಿದರು. ಮೇಸ್ತ್ರಿಯ ಪಾಸ್‌ಪೋರ್ಟಿನ ಪ್ರತಿ, ಸಂಬಳದ ವಿವರ, ವಿಳಾಸ, ಎಲ್ಲವೂ ಇದ್ದವು. ತಾವು ಅಲ್ಲಿ ಗುಡಿಸಬಹುದೆಂದು ಹೇಳುವ ಒಂದು ಚೀಟಿಯೂ ಇರಲಿಲ್ಲ.

“ನನ್ನ ಹತ್ರ ಇಲ್ಲಮ್ಮ,” ಎಂದರು, ಸೋತ ದನಿಯಲ್ಲಿ. “ಆದ್ರೆ ತಪ್ಪು ನಂದು. ಮೇಸ್ತ್ರಿದು ಎಲ್ಲಾ ಸರಿ ಇದೆ. ಅವರನ್ನ ಕಳಿಸಬೇಡಿ.”

ಮೇಸ್ತ್ರಿಯ ಕಣ್ಣು ತುಂಬಿಬಂತು. ಅಷ್ಟರಲ್ಲಿ ಮೆಟ್ಟಿಲಿಳಿದು ಬಂದ ಹೆಂಡತಿ, “ಅವರು ನಮ್ಮ ಯಜಮಾನ್ರು ಕಣಮ್ಮ. ಅಂಗಡಿ ಅವರದ್ದೇ. ಪೊರಕೆ ಮಾತ್ರ ನಮ್ಮನೇದು,” ಎಂದರು.

ಪೊರಕೆಯ ಪುರಾಣವನ್ನೆಲ್ಲ ಕೇಳಿದ ಅಧಿಕಾರಿಣಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ತಾನು ಕೆಲಸ ಮಾಡಿದ ಜಾಗವನ್ನು ತಾನೇ ಗುಡಿಸುವುದು ಯಾವ ನಿಯಮಕ್ಕೂ ವಿರುದ್ಧವಲ್ಲವೆಂದು ವಿವರಿಸಿ, ಕಾಗದಗಳನ್ನು ಪರಿಶೀಲಿಸಿ, ನವೀಕರಣಕ್ಕೆ ಸಹಿ ಹಾಕಿದಳು. ಮೇಸ್ತ್ರಿ ಎದ್ದು ಪೊರಕೆಗೆ ಕೈ ಚಾಚಿದ. ಯಜಮಾನರು ಅದನ್ನು ಬೆನ್ನ ಹಿಂದೆ ಅಡಗಿಸಿಕೊಂಡು, “ಅದನ್ನೂ ಬರೆದು ಕೊಡ್ತೀರಾ ತಾಯಿ?” ಎಂದು ಕೇಳಿದರು.

ಮಮತೆಯನ್ನು ಬಾಯಿಬಿಟ್ಟು ಆಡಲು ಸಂಕೋಚಪಡುವ ಒಂದು ಬಗೆಯ ಜನರಿದ್ದಾರೆ; ಅದನ್ನು ಕಟ್ಟುನಿಟ್ಟಿನ ಕೋಟಿನೊಳಗೆ ಬಚ್ಚಿಟ್ಟು ನಮ್ಮಿಂದ ಬೈಸಿಕೊಳ್ಳುತ್ತಾರೆ, ನಗೆಪಾಟಲಾಗುತ್ತಾರೆ. ಪರರ ಕಾಗದಗಳನ್ನೆಲ್ಲ ಎದೆಗವಚಿಕೊಂಡು ಕಾಯುವ ಇಂಥವರು ತಮ್ಮದನ್ನು ಕೇಳಿದರೆ ಮಾತ್ರ ತಬ್ಬಿಬ್ಬಾಗುತ್ತಾರೆ. ಆಗ ಯಾರಾದರೂ ಮೆಟ್ಟಿಲಿಳಿದು ಬಂದು, ಇವರು ನಮ್ಮವರು ಎಂದು ಹೇಳಬೇಕಾಗುತ್ತದೆ.