ರಿಯೊ ಊಟದ ಬಗ್ಗೆ ಬರೆದ ಒಂದು ಸಾಲು

"ನಾಳೆ ಮಧ್ಯಾಹ್ನ ಹನ್ನೊಂದು ಜನರ ಮುಂದೆ ನಿಂತು ರಿಯೊದಲ್ಲಿ ಎಲ್ಲಿ ತಿನ್ನಬೇಕು, ಏನು ಕುಡಿಯಬೇಕು ಅಂತ ಹೇಳಬೇಕು. ಬ್ರೆಜಿಲ್ ಯಾವ ದಿಕ್ಕಿಗಿದೆ ಅನ್ನೋದನ್ನೇ ನಾನು ಭೂಪಟ ನೋಡಿ ತಿಳಿದುಕೊಂಡವಳು."

ಡೈರಿಯಲ್ಲಿ ಇಷ್ಟು ಬರೆದು ಪ್ರಫುಲ್ಲಾ ಪೆನ್ನಿನ ಮುಚ್ಚಳ ಹಾಕಿದಳು.

ಎಂ.ಎ. ಮುಗಿಸಿದ ಮೇಲೆ ಅವಳು ಬೆಂಗಳೂರಿನ ಒಂದು ಕಂಪನಿಯಲ್ಲಿ ಪರದೇಶದ ವೆಬ್‌ಸೈಟುಗಳಿಗೆ ಊರುಗಳ ಪರಿಚಯ ಬರೆಯುತ್ತಿದ್ದಳು. ವಾರಕ್ಕೊಂದು ಊರು. ಯಾರೊಡನೆಯೂ ಮಾತಾಡಬೇಕಿಲ್ಲದ ಆ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ರಿಯೊದ ಪಾಳಿ ಬಂದಾಗ ಯಾಕೋ ಮನಸ್ಸು ಕುಣಿಯಿತು. ಅವರಿವರು ಬರೆದದ್ದನ್ನೆಲ್ಲ ಓದಿ, ಇಪನೇಮಾ ಕಡಲತೀರದ ಮರಳಿನ ಮೇಲೆ ತಾನೇ ಚಪ್ಪಲಿ ಕೈಯಲ್ಲಿ ಹಿಡಿದು ನಡೆದವಳಂತೆ ಬರೆದಳು. ಬೀದಿ ಮೂಲೆಯ ಜ್ಯೂಸ್ ಅಂಗಡಿಯಲ್ಲಿ ಗೇರುಹಣ್ಣಿನ ರಸ, ದಡದಲ್ಲಿ ತಣ್ಣನೆಯ ಎಳನೀರು, ತಟ್ಟೆಯನ್ನು ತಕ್ಕಡಿಗಿಟ್ಟು ತೂಗಿ ಕೊಡುವ ಊಟದ ಮನೆಗಳು, ಶನಿವಾರ ಮಧ್ಯಾಹ್ನ ಊರಿಗೆ ಊರೇ ತಿಂದು ತೂಕಡಿಸುವ ಫೆಜುವಾಡ ಎಂಬ, ಕಪ್ಪು ಕಾಳಿಗೆ ಹಂದಿಮಾಂಸ ಹಾಕಿ ಬೇಯಿಸಿದ ಗಟ್ಟಿ ಸಾರು.

ಮದುವೆಯಾಗಿ ಸ್ವೀಡನ್ನಿನ ವೆಸ್ಟೆರಾಸ್‌ಗೆ ಬಂದ ಮೇಲೆ, ಹೆಂಡತಿ ಮನೆಯಲ್ಲಿ ಮಂಕಾಗುತ್ತಿದ್ದಾಳೆಂದು ಗಂಡ ರಾಜಶೇಖರ ಅದೇ ಲೇಖನವನ್ನು ಅರ್ಜಿಗೆ ಲಗತ್ತಿಸಿ ಊರಿನ ಒಂದು ಸಣ್ಣ ಟ್ರಾವೆಲ್ ಆಫೀಸಿಗೆ ಕಳಿಸಿಬಿಟ್ಟ. ಆಫೀಸಿನ ಒಡತಿ ಗುನಿಲ್ಲಾ ಆ ದೇಶದ ಉತ್ತರದ ಸೀಮೆಯವಳು. ಸಂದರ್ಶನದಲ್ಲಿ ಲೇಖನವನ್ನು ಎದೆಗವಚಿಕೊಂಡು, "ನೀನು ಅಲ್ಲಿ ಇದ್ದು ಬಂದವಳೇ ಅಲ್ಲವೆ?" ಎಂದು ಕೇಳಿದಳು.

ಮುಜುಗರವಾದರೆ ಪ್ರಫುಲ್ಲಾಗೆ ಮಾತು ಹೊರಡುವುದಿಲ್ಲ, ಉಸಿರು ಒಳಕ್ಕೆ ಹೋಗುತ್ತದೆ. ಹಾಲು ಉಕ್ಕಿ ಒಲೆಯ ಮೇಲೆ ಚೆಲ್ಲಿದಾಗ ನಾವು ಹಲ್ಲಿನ ಸಂದಿಯಲ್ಲಿ 'ಸ್ಸ್' ಎನ್ನುತ್ತೇವಲ್ಲ, ಅವಳು ಹಾಗೆಂದಳು. ಆದರೆ ಗುನಿಲ್ಲಾಳ ಸೀಮೆಯಲ್ಲಿ ಯಾರೂ ಬಾಯಿ ಬಿಟ್ಟು ಹೌದೆನ್ನುವುದಿಲ್ಲ. ಉಸಿರನ್ನು ಹಾಗೆ ಒಳಗೆಳೆದುಕೊಂಡರೆ ಅದೇ ಹೌದು.

"ನನಗೆ ಗೊತ್ತಿತ್ತು!" ಎಂದು ಗುನಿಲ್ಲಾ ಕೈ ಕುಲುಕಿದಳು.

ಆ ಉಸಿರಿನ ಅರ್ಥ ಪ್ರಫುಲ್ಲಾಗೆ ತಿಳಿಯುವ ಹೊತ್ತಿಗೆ ಮೂರು ವಾರ ಕಳೆದು, ಅವಳು ಆಫೀಸಿನಲ್ಲಿ 'ನಮ್ಮ ರಿಯೊ ಹುಡುಗಿ' ಆಗಿಹೋಗಿದ್ದಳು. ಹುಟ್ಟಿದಾಗಿನಿಂದ ಅವಳನ್ನು ಯಾರೂ ಯಾವ ಊರಿನ ಹುಡುಗಿ ಎಂದೂ ಅಷ್ಟು ಪ್ರೀತಿಯಿಂದ ಕರೆದಿರಲಿಲ್ಲ. ಕೆಲಸ ಬೇಕಿತ್ತು, ಅದಕ್ಕಿಂತ ಹೆಚ್ಚಾಗಿ ಆ ಹೆಸರು ಬೇಕಿತ್ತು.

"ರೀ, ನಾಳೆ ನಂಗೆ ಜ್ವರ ಬರಬಹುದಾ?" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

"ಯಾಕೆ, ಅಪಾಯಿಂಟ್‌ಮೆಂಟ್ ತಗೊಂಡಿದೀಯಾ?" ಎಂದ ರಾಜಶೇಖರ, ಒಗ್ಗರಣೆ ಸೌಟಿನಿಂದ ಕಣ್ಣೆತ್ತದೆ.

"ತಮಾಷೆ ಬೇಡ. ಯಾರಾದ್ರೂ ಎದ್ದು ನಿಂತು, ನೀನು ಹೋಗಿದ್ಯಾ ಅಂತ ಕೇಳಿದ್ರೆ?"

"ಇಲ್ಲಿ ಯಾರೇ ಕೇಳ್ತಾರೆ? ಆರು ವರ್ಷದಿಂದ ಎದುರು ಮನೆಯವನು ನನ್ನ ಹೆಸರು ಕೇಳಿಲ್ಲ. ನೀನು ಫೋಟೋ ತೋರಿಸು, ಅವ್ರು ಕಾಫಿ ಕುಡೀತಾರೆ, ಮುಗೀತು."

ಅವನ ಮಾತು ಮುಕ್ಕಾಲು ಭಾಗ ನಿಜವಾಯಿತು. ಶನಿವಾರ ಬಿಸಿಲು ಬಿದ್ದಿತ್ತು. ಫೆಬ್ರವರಿಯ ಹಿಮ ಕಿಟಕಿಯಾಚೆ ಕಣ್ಣು ಕುಕ್ಕುತ್ತಿತ್ತು. ಟ್ರಾವೆಲ್ ಆಫೀಸಿನ ಒಳಕೋಣೆಯಲ್ಲಿ ಏಲಕ್ಕಿ ಬನ್ನಿನ ಘಮ. ರಿಯೊ ಪ್ರವಾಸಕ್ಕೆ ಹೆಸರು ಕೊಟ್ಟು, ಉಣ್ಣೆಯ ಕಾಲುಚೀಲದಲ್ಲೇ ಕುಳಿತಿದ್ದ ಹಿರಿಯ ದಂಪತಿಗಳು ಅವಳ ಒಂದೊಂದು ಮಾತನ್ನೂ ಬರೆದುಕೊಳ್ಳುತ್ತಿದ್ದರು. ನಿಂಬೆ, ಸಕ್ಕರೆ ಕುಟ್ಟಿ ಕಬ್ಬಿನ ಮದ್ಯ ಬೆರೆಸಿ ಮಾಡುವ ಪಾನೀಯದ ಹೆಸರನ್ನು ಒಬ್ಬಾತ ಮೂರು ಸಲ ಹೇಳಿಸಿಕೊಂಡ. ಮೂರನೆಯ ಸಲ ಕೋಣೆಯೇ ನಕ್ಕಿತು. ಪ್ರಫುಲ್ಲಾಳ ದನಿ ತಾನಾಗಿಯೇ ಏರಿತು. ತಾನು ಇಷ್ಟು ಚೆನ್ನಾಗಿ ಮಾತಾಡಬಲ್ಲೆನೇ ಎಂದು ಅವಳಿಗೇ ಬೆರಗು. ಹಿಂದಿನ ಗೋಡೆಗೆ ಒರಗಿದ್ದ ಗುನಿಲ್ಲಾ ಹೆಬ್ಬೆರಳೆತ್ತಿ ತೋರಿಸಿದಳು.

ಫೆಜುವಾಡದ ಚಿತ್ರ ಪರದೆಯ ಮೇಲೆ ಬರುವ ಹೊತ್ತಿಗೆ ಬಾಗಿಲು ತೆರೆಯಿತು. ತಡವಾಯಿತೆಂದು ಕೈಮುಗಿಯುತ್ತ ಒಳಬಂದದ್ದು ಶರ್ಫುನ್ನೀಸಾ. ರಾಜಶೇಖರನ ಸಹೋದ್ಯೋಗಿ ಮಾಜಿದನ ಹೆಂಡತಿ. ಊರಿನ ಕನ್ನಡದವರೆಲ್ಲ ಸೇರುವ ಕಡೆ ಎಲ್ಲರಿಗಿಂತ ಮೊದಲು ನಗುವಾಕೆ. ನೇರವಾಗಿ ಮುಂದಿನ ಸಾಲಿಗೆ ಬಂದು ಕುಳಿತಳು.

"ಅಯ್ಯೋ ಪ್ರಫುಲ್ಲಾ, ನೀವಾ! ಬ್ರೆಜಿಲ್‌ಗೆ ಹೋಗ್ಬಂದಿದೀರಾ, ನಮಗೊಂದು ಮಾತು ಹೇಳ್ಲಿಲ್ವಲ್ಲ! ಗಟ್ಟಿಗಿತ್ತಿ ಕಣ್ರೀ."

ಪ್ರಫುಲ್ಲಾ ನಕ್ಕಂತೆ ಮಾಡಿದಳು. ಅಷ್ಟರಲ್ಲಿ ಶರ್ಫುನ್ನೀಸಾ ಚೀಲದಿಂದ ಪ್ರಿಂಟ್ ತೆಗೆದ ಹಾಳೆಗಳನ್ನು ಹೊರತೆಗೆದಳು. ಅದೇ ಲೇಖನ. ಒಂದು ಸಾಲಿನ ಕೆಳಗೆ ಹಸಿರು ಗೆರೆ.

"ನಮ್ಮೆಜಮಾನ್ರಿಗೆ ಅಲ್ಲಿ ಕಾನ್ಫರೆನ್ಸ್. ನಾನು ಬರಲ್ಲ ಅಂತ ಹಟ ಹಿಡಿದಿದ್ದೆ. ಹೊರಗಡೆ ಎಲ್ಲೂ ಮಾಂಸ ಮುಟ್ಟಲ್ಲ ನಾನು. ಹೋದ ಕಡೆಯೆಲ್ಲಾ ಬ್ರೆಡ್ಡು ಬಾಳೆಹಣ್ಣು ತಿಂದು ತಿಂದು ಸಾಕಾಗಿದೆ. ಆಮೇಲೆ ಇವ್ರು ಇದನ್ನ ಓದಿ ಹೇಳಿದ್ರು." ಬೆರಳಿಟ್ಟು ಓದಿದಳು: ಕೇಳಿದರೆ ಸಾಕು, ಮೂಲೆಯಂಗಡಿಗಳಲ್ಲಿ ಮಾಂಸ ಹಾಕದೆ ಬೇಯಿಸಿದ ಕಾಳಿನ ಸಾರನ್ನೇ ಬೇರೆ ಪಾತ್ರೆಯಿಂದ ಬಡಿಸುತ್ತಾರೆ. "ಈ ಒಂದು ಸಾಲಿಗೇ ನಾನು ಹೂಂ ಅಂದಿದ್ದು. ಇದರಲ್ಲಿ ಹಂದಿ ಮುಟ್ಟಿಸಿರಲ್ಲ ತಾನೆ? ನೀವು ತಿಂದಿದೀರಲ್ಲ. ನಿಮ್ಮ ಬಾಯಲ್ಲಿ ಒಂದ್ಸಲ ಕೇಳ್ಬಿಟ್ರೆ ನಂಗೆ ನೆಮ್ಮದಿ."

ಲೇಖನದ ಉಳಿದದ್ದೆಲ್ಲ ಯಾರೋ ಕಂಡದ್ದು, ಯಾರೋ ತಿಂದದ್ದು. ಈ ಸಾಲು ಮಾತ್ರ ಎಲ್ಲಿಂದಲೂ ಬಂದದ್ದಲ್ಲ. ಮೊಟ್ಟೆಯನ್ನೂ ಮುಟ್ಟದ ಪ್ರಫುಲ್ಲಾ, ಬರೆಯುತ್ತ ಬರೆಯುತ್ತ ಆ ಊರಿನಲ್ಲಿ ತಾನೂ ಒಂದು ಹೊತ್ತು ಹಸಿದಳು. ತನಗೊಂದು ತಟ್ಟೆ ಇಲ್ಲದೆ ಹೋಗುವುದು ಸರಿ ಕಾಣಲಿಲ್ಲ. ಹಾಗಾಗಿ ಇಲ್ಲದ ಪಾತ್ರೆಯೊಂದನ್ನು ಒಲೆಗೇರಿಸಿದ್ದಳು.

"ಆಪಾ..." ಎಂದಳು.

"ಹೇಳಿ, ಬರ್ಕೋತೀನಿ."

ಕನ್ನಡದಲ್ಲಿ ಮೆಲ್ಲನೆ ಹೇಳಿ ಮುಗಿಸಬಹುದಿತ್ತು. ಬೇಡ ಆಪಾ, ಅದನ್ನ ತಿನ್ನಬೇಡಿ ಎಂದರೆ ಶರ್ಫುನ್ನೀಸಾ ತಲೆಯಾಡಿಸಿ ಸುಮ್ಮನಾಗುತ್ತಿದ್ದಳು. ಕೋಣೆಯಲ್ಲಿ ಮತ್ತೊಬ್ಬರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ರಿಯೊ ಹುಡುಗಿ ರಿಯೊ ಹುಡುಗಿಯಾಗಿಯೇ ಬಸ್ಸು ಹತ್ತಿ ಮನೆಗೆ ಹೋಗುತ್ತಿದ್ದಳು. ಆದರೆ ಹಿಂದಿನ ಸಾಲಿನ ಅಜ್ಜಿಯೊಬ್ಬರು ಸ್ವೀಡಿಷ್‌ನಲ್ಲಿ, "ನಮ್ಮ ಮೊಮ್ಮಗಳೂ ಮಾಂಸ ತಿನ್ನುವುದಿಲ್ಲ, ಅಲ್ಲಿ ಏನು ಮಾಡಬೇಕು?" ಎಂದು ಕೇಳಿದರು. ಅವರ ತೊಡೆಯ ಮೇಲೂ ಅದೇ ಹಾಳೆ ಇತ್ತು. ಗುನಿಲ್ಲಾ ಎಲ್ಲರಿಗೂ ಒಂದೊಂದು ಪ್ರತಿ ಹಂಚಿದ್ದಳು.

"ಏನಂತೆ? ಊಟದ ಪ್ರಶ್ನೆಯೆ?" ಎಂದು ಗುನಿಲ್ಲಾ ಹಿಂದಿನಿಂದ ಕೂಗಿ, "ಕೇಳಿ ಕೇಳಿ, ಇವಳಿಗೆ ಆ ಊರಿನ ಅಡುಗೆಮನೆಗಳೆಲ್ಲ ಗೊತ್ತು," ಎಂದು ಸೇರಿಸಿದಳು.

ಹನ್ನೆರಡು ಮುಖಗಳು ಅವಳತ್ತ ತಿರುಗಿದವು. ಶರ್ಫುನ್ನೀಸಾಳ ಪೆನ್ನು ಹಾಳೆಯ ಮೇಲೆ ನಿಂತು ಕಾಯುತ್ತಿತ್ತು. ಪ್ರಫುಲ್ಲಾ ಪರದೆಯ ಬೆಳಕಿನಿಂದ ಒಂದು ಹೆಜ್ಜೆ ಈಚೆ ಬಂದಳು. ಎಲ್ಲರಿಗೂ ತಿಳಿಯಲೆಂದು ತನ್ನ ಅರೆಬರೆ ಸ್ವೀಡಿಷ್‌ನಲ್ಲೇ, ಬಾಗಿಲಾಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ಆ ಸಾಲನ್ನು ನಂಬಬೇಡಿ. ಅದು ನನ್ನ ಆಸೆ ಅಷ್ಟೆ. ನಾನು ರಿಯೊಗೆ ಹೋಗಿಲ್ಲ."