ಏಳು ಕಡಜ, ಮೂರು ಕಡಿತ

ಹಾಜಿಮಲಂಗನಿಗೆ ಕಡಜ ಮೂರು ಕಡೆ ಕಡಿದಿತ್ತು. ಹುಬ್ಬು, ಕಿವಿ, ಮುಂಗೈ. ಪಂಪ್‌ಸೆಟ್ಟಿನ ಸ್ಟಾರ್ಟರ್ ಡಬ್ಬಿಯ ಬಾಗಿಲು ತೆರೆದದ್ದೇ ತಪ್ಪಾಗಿತ್ತು. ಒಳಗೆ ಅವು ಗೂಡು ಕಟ್ಟಿಕೊಂಡಿದ್ದವು. ಆದರೂ ಆಸಾಮಿ ಬೇವಿನ ನೆರಳಿಗೆ ಕೂತು, ಕುಸ್ತಿ ಗೆದ್ದವನಂತೆ ಗಡ್ಡ ನೀವಿಕೊಳ್ಳುತ್ತಿದ್ದ.

"ಏಳು ಇದ್ವು. ಮೂರು ಕಡದು, ಕೊಂಡಿ ಬಿಟ್ಟು ಸತ್ವು. ಇನ್ನ ನಾಕು. ಅವನ್ನೂ ಕಡಿಸ್ಕೊಂಡು ಮೋಟಾರ್ ಚಾಲೂ ಮಾಡತೇನಿ."

ಮಗಳು ಬುಶ್ರಾಳಿಗೆ ನಗು ಬಂತು, ಆದರೆ ನಗುವ ಹೊತ್ತಲ್ಲ. ಬಿಎಸ್ಸಿ ಮುಗಿಸಿ ಬಂದು ಬೀಜದಿಂದ ಎಬ್ಬಿಸಿದ ಇನ್ನೂರು ನಿಂಬೆ ಸಸಿಗಳು ಇಂಡಿ ಸೀಮೆಯ ಬಿಸಿಲಿಗೆ ತಲೆ ಬಾಗಿಸಿದ್ದವು. ತ್ರೀ ಫೇಸ್ ಕರೆಂಟು ಹನ್ನೆರಡಕ್ಕೆ ಹೋಗುತ್ತದೆ. ಅಷ್ಟರಲ್ಲಿ ನೀರು ಬೀಳದಿದ್ದರೆ ಸಂಜೆಗೆ ಸಸಿಮಡಿ ಬರೀ ಕಟ್ಟಿಗೆ.

ಅವಳು ಅಲ್ಲೇ ನಿಂತು ತನ್ನ ಕಾಲೇಜಿನ ಪ್ರಾಣಿಶಾಸ್ತ್ರದ ಮೇಡಂ ಆಗಿಬಿಟ್ಟಳು. ಇಲ್ಲದ ಕನ್ನಡಕ ಮೂಗಿನ ಮೇಲೆ, ಧ್ವನಿ ಮೂಗಿನೊಳಗೆ.

"ಹಿಂದಿನ ಬೆಂಚು, ಇಲ್ಲಿ ಕೇಳ್ರಿ! ಕೊಂಡಿ ಬಿಟ್ಟು ಸಾಯೋದು ಜೇನುಹುಳ. ಅದರ ಕೊಂಡಿಗೆ ಗಾಳದಂಥ ಮುಳ್ಳದಾವು. ಕಡಜದ ಕೊಂಡಿ ದಬ್ಬಣದಂಗ ನುಣ್ಣಗ. ಚುಚ್ಚತೈತಿ, ತಗೀತೈತಿ, ಮತ್ತ ಚುಚ್ಚತೈತಿ. ಮೂರೂ ಕಡೆ ಒಂದ ಹುಳ ಕಡದಿರಬೇಕು."

"ಅಂದ್ರ ಏಳೂ ಜೀವಂತ ಅದಾವು?" ಹಾಜಿಮಲಂಗನಿಗೆ ಈಗ ನಿಜವಾಗಿ ಉರಿಯತೊಡಗಿತು.

"ಏಳೂ. ಕಡಿಯೋವೆಲ್ಲಾ ಹೆಣ್ಣು. ಗಂಡಿಗೆ ಕೊಂಡೀನ ಇಲ್ಲ."

"ನಮ್ಮ ಮನ್ಯಾಗೂ ಹಂಗ ಐತಿ ಬಿಡವ್ವ."

ಅಷ್ಟರಲ್ಲಿ ಪಕ್ಕದ ತೋಟದ ಕಾಳಪ್ಪ ಕೋಲಿಗೆ ಡೀಸೆಲ್ ಅರಿವೆ ಸುತ್ತಿಕೊಂಡು ಓಡಿಬಂದ. "ಸರೀರಿ, ಸುಟ್ಟಬಿಡೂಣು!"

"ಕಾಕಾ, ಗೂಡಿನ ಸಂಗಾಟ ವಾಯರೂ ಸುಡತಾವು," ಎಂದು ಬುಶ್ರಾ ಉದ್ದನೆಯ ಒಣ ಜೋಳದ ದಂಟೊಂದನ್ನು ಹಿರಿದುಕೊಂಡಳು.

ಕಡಜಕ್ಕೆ ಅತ್ತಿತ್ತ ಎರಡು ದೊಡ್ಡ ಕಣ್ಣು, ನೆತ್ತಿಗೆ ಮೂರು ಸಣ್ಣವು. ಐದು ಕಣ್ಣಿನ ಹುಳದ ಮುಂದೆ ಗಡಿಬಿಡಿ ನಡೆಯುವುದಿಲ್ಲ. ಅವಳು ಉಸಿರು ಬಿಗಿಹಿಡಿದು, ಬೆಕ್ಕಿನಂತೆ ಹೆಜ್ಜೆಯಿಟ್ಟಳು. ಡಬ್ಬಿಯ ಮಾಡಿಗೆ ಸಣ್ಣ ತೊಟ್ಟಿನಿಂದ ಗೂಡು ಜೋತಿತ್ತು. ಕಟ್ಟಿಗೆ ಅಗಿದು ಮಾಡಿದ ಬೂದು ಕಾಗದದ್ದು. ಅದರ ಮೇಲೆ ಏಳು ಸಪೂರ ಸೊಂಟಗಳು. ಏಳೂ ರೆಕ್ಕೆ ಎತ್ತಿದವು. ಬುಶ್ರಾ ನಿಂತಳು. ರೆಕ್ಕೆ ಇಳಿದವು. ದಂಟು ಮೆಲ್ಲಗೆ ಮುಂದೆ ಹೋಗಿ ಹಸಿರು ಗುಂಡಿ ಒತ್ತಿತು.

ಖಟ್! ನೀರು ಬಂತು. ಯಾವ ಹುಳವೂ ಹಾರಲಿಲ್ಲ.

"ನೀರ ಬಂತಲ್ಲ, ಕರೆಂಟ್ ಹೋದ ಮ್ಯಾಲ ಸುಡೂಣೇನು?" ಕಾಳಪ್ಪ ಕೋಲು ಬಿಟ್ಟಿರಲಿಲ್ಲ.

ಆಗಲೇ ಒಂದು ಕಡಜ ಗೂಡಿನಿಂದ ಹಾರಿ ಸಸಿಯ ಮೇಲಿಳಿಯಿತು. ಎಲೆ ತಿನ್ನುತ್ತಿದ್ದ ಹಸಿರು ಕೀಡೆಯನ್ನು ದವಡೆಯಲ್ಲಿ ಹಿಡಿದು, ಅಗಿದು ಉಂಡೆ ಮಾಡಿ, ಗೂಡಿನ ಮರಿಗಳಿಗೆ ಹೊತ್ತೊಯ್ದಿತು. ಹಾಜಿಮಲಂಗ ಬಾಯಿ ತೆರೆದು ನೋಡಿದ. ಅದೇ ಕೀಡೆಗೆ ಅವನು ಎರಡು ಸಲ ಔಷಧ ಹೊಡೆದು ಸೋತಿದ್ದ.

ಮಗಳ ಕೈಯಿಂದ ದಂಟು ಇಸಿದುಕೊಂಡು, ನಾಳೆ ಗುಂಡಿ ಒತ್ತಲೂ ಬೇಕೆಂದು ಡಬ್ಬಿಯ ಕಂಬಕ್ಕೆ ದೂರದಿಂದಲೇ ಆನಿಸಿದ. ಆಮೇಲೆ ಊದಿದ ಹುಬ್ಬಿನ ಕೆಳಗೆ ಇಲ್ಲದ ಕನ್ನಡಕ ಏರಿಸಿ, ಧ್ವನಿಯನ್ನು ಮೂಗಿಗೆ ಹತ್ತಿಸಿ ಕಾಳಪ್ಪನ ಕಡೆ ತಿರುಗಿದ:

"ಹಿಂದಿನ ಬೆಂಚು! ಕೋಲು ಕೆಳಗಿಡ್ರಿ."